ಮೊದಲು ಕಾರಿನ ಗಂಟು

ಅಂಬಾಸಿಡರ್‌ನ ಡಿಕ್ಕಿ ಎತ್ತಿ ತೋರಿಸಿದರೆ ಈಗಿನ ಹುಡುಗರು "ಅಬ್ಬಾ, ಎಷ್ಟು ಜಾಗ!" ಎನ್ನುತ್ತಾರೆ. ಜಾಗವೇನೋ ಇದೆ, ಆದರೆ ಅದರಲ್ಲಿ ಮೊದಲ ಪಾಲು ಕಾರಿನದು. ಅಪ್ಪನ ಕಾಲದಿಂದ ಮನೆಯಲ್ಲಿರುವ ನಮ್ಮ 1978ರ ಮಾರ್ಕ್ 3 ಮೈಸೂರಿನಿಂದ ಪುತ್ತೂರಿಗೆ ಹೊರಡುವ ಹಿಂದಿನ ದಿನವೇ ಅದರ ಗಂಟು ಸಿದ್ಧವಾಗಬೇಕು. ಸ್ಟೆಪ್ನಿ, ಜಾಕು, ನೀರಿನ ಕ್ಯಾನು, ಎಂಜಿನ್ ಆಯಿಲು, ಪ್ಲಗ್ಗು, ಡಿಸ್ಟ್ರಿಬ್ಯೂಟರಿನ ಪಾಯಿಂಟು, ಕಂಡೆನ್ಸರು, ರೇಡಿಯೇಟರಿನ ಹೋಸು, ಅದರ ಕ್ಲಿಪ್ಪು. ಫ್ಯಾನ್ ಬೆಲ್ಟಂತೂ ಬೇಕೇ ಬೇಕು. ಅದೊಂದು ತುಂಡಾದರೆ ಫ್ಯಾನು, ನೀರಿನ ಪಂಪು, ಡೈನಮೊ ಮೂರೂ ಒಟ್ಟಿಗೆ ನಿಲ್ಲುತ್ತವೆ. ಉತ್ತರಪಾರಾದ ಕಾರ್ಖಾನೆಯಲ್ಲಿ ಈ ಕಾರಿನ ತಯಾರಿಕೆ ನಿಂತದ್ದು 2014ರಲ್ಲಿ. ದಾರಿಯಲ್ಲಿ ಯಾವುದಾದರೂ ಅಂಗಡಿಯಲ್ಲಿ ಬಿಡಿಭಾಗ ಸಿಕ್ಕೀತು ಎಂದು ನಂಬಿಕೊಂಡು ಈಗ ಹೊರಡುವ ಹಾಗಿಲ್ಲ.

ಎರಡನೆಯ ಪಾಲು, ನಾವು ಯಾರ ಮನೆಗೆ ಹೊರಟಿದ್ದೇವೋ ಅವರದು. ನಮ್ಮ ಬಟ್ಟೆಬರೆಗೆ ಸಿಗುವುದು ಮಿಕ್ಕ ಸಂದುಗೊಂದು. ಹಳೆಯ ಕಾರಿನಲ್ಲಿ ಸಾಮಾನು ತುಂಬುವ ಕ್ರಮ ಇದೇ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಈ ಕ್ರಮ ಬುಡಮೇಲಾಗಿ ನಮ್ಮ ಸೂಟ್‌ಕೇಸುಗಳೇ ಮೊದಲು ಒಳಗೆ ಹೋದರೆ, ನೀರಿನ ಕ್ಯಾನು ಮನೆಯಲ್ಲೇ ಉಳಿಯುತ್ತದೆ.

ಉಳಿದದ್ದಕ್ಕೆ ಕ್ಯಾರಿಯರ್ ಇದೆ. ಅಂಬಾಸಿಡರ್‌ನ ಮಾಡಿನ ಎರಡೂ ಬದಿಗೆ ಮಳೆನೀರು ಹರಿದುಹೋಗಲು ತಗಡಿನ ಸಣ್ಣ ಕಾಲುವೆ ಇರುತ್ತದೆ. ಕ್ಯಾರಿಯರ್‌ನ ಕಾಲುಗಳು ಊರುವುದು ಅಲ್ಲಿ. ಕಾಲಿನಡಿಗೆ ರಬ್ಬರ್ ತುಂಡು ಇಟ್ಟು ನಟ್ಟು ಬಿಗಿಯಬೇಕು. ಹುಣಸೂರು ತಲುಪುವಷ್ಟರಲ್ಲಿ ಅದು ಒಂದಿಷ್ಟು ಸಡಿಲಾಗಿರುತ್ತದೆ, ಇಳಿದು ಮತ್ತೆ ಬಿಗಿಯಬೇಕು. ಮೇಲೆ ಹೋಗುವುದು ಹಗುರವಾದದ್ದು ಮಾತ್ರ: ಹಾಸಿಗೆ, ಬಟ್ಟೆಯ ಚೀಲ, ಹಪ್ಪಳದ ಡಬ್ಬ. ಭಾರವೆಲ್ಲ ಕೆಳಗೆ, ಡಿಕ್ಕಿಯೊಳಗೆ ಹಿಂದಿನ ಸೀಟಿಗೆ ಒತ್ತಿದಂತೆ. ಭಾರ ಮೇಲೇರಿದಷ್ಟೂ ತಿರುವಿನಲ್ಲಿ ಕಾರು ವಾಲುತ್ತದೆ. ಡಿಕ್ಕಿಯ ಬಾಗಿಲ ಕಡೆಗೆ ಸರಿದರೆ ಇನ್ನೊಂದು ತೊಂದರೆ. ಹಿಂದಿನ ಸ್ಪ್ರಿಂಗ್ ಪ್ಲೇಟುಗಳು ಕುಗ್ಗಿ ಮೂತಿ ಮೇಲೇಳುತ್ತದೆ, ಸ್ಟಿಯರಿಂಗ್ ಕೈಯಲ್ಲಿ ಹಗುರವಾಗಿಬಿಡುತ್ತದೆ, ರಾತ್ರಿಯಾದರೆ ಹೆಡ್‌ಲೈಟು ರಸ್ತೆ ಬಿಟ್ಟು ಎದುರು ಬರುವವರ ಕಣ್ಣಿಗೆ ಹೊಡೆಯುತ್ತದೆ.

ಟಾರ್ಪಾಲು ಹೊದೆಸುವುದನ್ನು ನಾನು ಕಲಿತದ್ದು ಅಪ್ಪನಿಂದ. ಮೊದಲು ಅದನ್ನು ಕ್ಯಾರಿಯರ್ ಮೇಲೆ ಹಾಸಬೇಕು, ಸಾಮಾನು ಜೋಡಿಸಬೇಕು, ಆಮೇಲೆ ಅಕ್ಕಪಕ್ಕದ ಅಂಚುಗಳನ್ನು ಒಳಕ್ಕೆ ಮಡಚಬೇಕು. ಹಿಂದಿನ ಅಂಚು ಮೊದಲು ಬೀಳಬೇಕು, ಮುಂದಿನದು ಅದರ ಮೇಲೆ ಬರಬೇಕು. ಅದಲುಬದಲಾದರೆ ಎದುರುಗಾಳಿ ಬಾಯಿಗೆ ನುಗ್ಗಿ, ಪಿರಿಯಾಪಟ್ಟಣ ದಾಟುವುದರೊಳಗೆ ಹೊದಿಕೆ ಪಟಪಟ ಬಡಿಯತೊಡಗುತ್ತದೆ. ಹಗ್ಗ ನಾರಿನದೇ ಇರಲಿ. ಪ್ಲಾಸ್ಟಿಕ್ ಹಗ್ಗದ ಗಂಟು ಅಲುಗಾಟಕ್ಕೆ ಜಾರುತ್ತದೆ.

ಹೋಗುವಾಗ ನಾವು ಒಯ್ಯುವುದು ರಾಗಿಹಿಟ್ಟು, ವೀಳ್ಯದೆಲೆ, ಮೈಸೂರು ಪಾಕು. ಆ ಭಾರ ಕಾರಿಗೆ ಲೆಕ್ಕವೇ ಅಲ್ಲ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ಮಾತ್ರ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇರಬಾರದು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಬಿಸಿಯಾದರೆ ಹಿಡಿತ ಕಳೆದುಕೊಳ್ಳುತ್ತದೆ. ಎರಡನೆಯ ಗೇರಿನಲ್ಲಿ ಎಂಜಿನ್ನೇ ಕಾರನ್ನು ತಡೆದು ಇಳಿಸಬೇಕು.

ನಿಜವಾದ ಪರೀಕ್ಷೆ ಬರುವಾಗ. ಹೊರಡುವ ಬೆಳಿಗ್ಗೆ ಪುತ್ತೂರಿನ ಚಿಕ್ಕಮ್ಮನ ಅಂಗಳದಲ್ಲಿ ಸಾಮಾನು ಸಾಲುಗಟ್ಟಿರುತ್ತದೆ: ಸುಲಿದ ತೆಂಗಿನಕಾಯಿಯ ಗೋಣಿ, ಕುಚ್ಚಲಕ್ಕಿ, ಮಿಡಿ ಉಪ್ಪಿನಕಾಯಿಯ ಭರಣಿ, ಹಲಸಿನಹಣ್ಣು. ಇಷ್ಟು ಸಾಕು ಎಂದರೆ ಅವರು ಕೇಳುವವರಲ್ಲ. "ಕಾರಲ್ವಾ ಮಾರಾಯ ಹೊರುವುದು, ನಿನಗೆಂತ ಭಾರ? ಇದೊಂದು ಇರ್ಲಿ." ಆ "ಇದೊಂದು" ಮತ್ತೆ ನಾಲ್ಕಾರು ಸಲ ಬರುತ್ತದೆ. ನಾನು ಯಾವುದನ್ನೂ ಬೇಡ ಎನ್ನುವುದಿಲ್ಲ. ಹಲಸು ಉರುಳಬಾರದೆಂದು ಗೋಣಿಯನ್ನು ಸಿಂಬೆ ಸುತ್ತಿ ಅದರ ಮೇಲೆ ಕೂರಿಸುತ್ತೇನೆ. ಭರಣಿಗೆ ಹಿಂದಿನ ಸೀಟಿನಲ್ಲಿ ಕೂತವರ ಕಾಲುಗಳ ನಡುವೆ ಜಾಗ.

ಹೀಗೆ ಭಾರ ಹೆಚ್ಚಿದ ಮೇಲೆಯೇ ಏರು ಎದುರಾಗುತ್ತದೆ. ಪುತ್ತೂರು ಇರುವುದು ತಗ್ಗಿನಲ್ಲಿ, ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿ. 1,489 ಸಿ.ಸಿ.ಯ ಎಂಜಿನ್ ಎರಡನೆಯ ಗೇರಿನಲ್ಲಿ ಬಸುರಿಯಂತೆ ನಿಧಾನವಾಗಿ ಹತ್ತುತ್ತದೆ. ಹಿಂದೆ ಲಾರಿಯವರು ಹಾರ್ನ್ ಹೊಡೆದರೆ ಬದಿಗೆ ಸರಿದು ದಾರಿ ಬಿಟ್ಟುಬಿಡುತ್ತೇನೆ. ಟೆಂಪರೇಚರಿನ ಮುಳ್ಳು ಏರಿದರೆ ನಿಲ್ಲಿಸಿ ಬಾನೆಟ್ ಎತ್ತುವುದು. ರೇಡಿಯೇಟರಿನ ಮುಚ್ಚಳಕ್ಕೆ ಆಗಲೇ ಕೈ ಹಾಕಕೂಡದು. ಬಿಸಿನೀರು ಮುಖಕ್ಕೆ ಚಿಮ್ಮುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಬ್ಲಾಕೇ ಬಿರುಕು ಬಿಡಬಹುದು. ಕಾಯಬೇಕು. ಹಾಗೆ ಕಾಯುವಾಗ ಕಣ್ಣು ತಾನಾಗಿ ಎದುರಿನ ಗುಡ್ಡಕ್ಕೆ ಹೋಗುತ್ತದೆ. 2018ರ ಆಗಸ್ಟಿನಲ್ಲಿ ಮದೆನಾಡು, ಜೋಡುಪಾಲದ ಕಡೆ ಗುಡ್ಡಗಳು ಕುಸಿದು ಈ ರಸ್ತೆಯೇ ಮುಚ್ಚಿಹೋಗಿತ್ತು. ಮನೆ ಕಳೆದುಕೊಂಡವರಿಗೆ ಸಾಮಾನು ಕಟ್ಟಿಕೊಳ್ಳುವಷ್ಟೂ ಸಮಯವಿರಲಿಲ್ಲ. ಅಲ್ಲಿ ನಿಂತಾಗೆಲ್ಲ ನನಗೆ ಅವರ ನೆನಪಾಗುತ್ತದೆ.

ಹಳೆಯ ಕಾರುಗಳ ಗೆಳೆಯರು ಕೆಲವರು ಈಗ ಸಾಮಾನನ್ನೆಲ್ಲ ಹಿಂದೆ ಬರುವ ಹೊಸ ಗಾಡಿಗೆ ಹಾಕಿ, ತಮ್ಮ ಕಾರನ್ನು ಖಾಲಿ ಓಡಿಸುತ್ತಾರೆ. ಕಾರಿನ ಆಯುಷ್ಯಕ್ಕೆ ಅದು ಒಳ್ಳೆಯದೇ. ನನಗೆ ಮನಸ್ಸು ಬಾರದು. ಮದುವೆಯ ಪಾತ್ರೆ, ಬಾಣಂತಿಯ ಹಾಸಿಗೆ, ಅಡಕೆ ಮೂಟೆ ಹೊತ್ತೇ ಈ ಕಾರು ನಮ್ಮವರಲ್ಲಿ ಒಂದಾದದ್ದು. ಮೆಲ್ಲಗೆ ಓಡಿಸಿ, ಪ್ಲೇಟುಗಳನ್ನು ಕಾಲಕಾಲಕ್ಕೆ ನೋಡಿಕೊಂಡರೆ ಇವತ್ತಿಗೂ ಅಷ್ಟು ಹೊರುತ್ತದೆ.

ಈ ಸಲ ಚಿಕ್ಕಮ್ಮನಿಗೆ ನಂಜನಗೂಡು ರಸಬಾಳೆಯ ಕಂದು ಬೇಕಂತೆ. ಪುತ್ತೂರಿನ ಮುರಕಲ್ಲು ಮಣ್ಣಿನಲ್ಲಿ ಅದು ಹಿಡಿಯುತ್ತದೋ ಇಲ್ಲವೋ, ನೆಟ್ಟೇ ನೋಡಬೇಕು. ಬುಡದ ಮಣ್ಣು ಉದುರದಂತೆ ಒದ್ದೆ ಗೋಣಿ ಸುತ್ತಿ ಡಿಕ್ಕಿಯಲ್ಲಿ ಅಡ್ಡ ಮಲಗಿಸಿದರೆ ನಾಲ್ಕು ಕಂದು ಹಿಡಿಸುತ್ತವೆ. ನಮ್ಮ ಚೀಲಗಳು ಮೇಲೆ, ಕ್ಯಾರಿಯರ್‌ಗೆ.