ಹಲಗೆಗೆ ಬರೆಯುವ ಹೆಸರು

ಮಗುವಿಗೆ ಹೆಸರಿಡುವುದಕ್ಕಿಂತ ಅಂಗಡಿಗೆ ಹೆಸರಿಡುವುದು ಕಠಿಣ. ಶಾಂತಪ್ಪನೆಂಬುವನು ಸಿಡುಕನಾದರೆ ಯಾರೂ ಆಕ್ಷೇಪಿಸುವುದಿಲ್ಲ. ವ್ಯಾಪಾರದ ಹೆಸರಾದರೋ ಗಿರಾಕಿಗೆ ಕೊಡುವ ಮೊದಲನೆಯ ಮಾತು. ಅದು ಸುಳ್ಳಾದರೆ ಮುಂದಿನ ಲೆಕ್ಕವೆಲ್ಲ ಸುಳ್ಳೇ.

ಚಳ್ಳಕೆರೆಯ ಒಂದು ಶ್ರಾವಕ ಮನೆತನದಲ್ಲಿ ಕೆಲವು ವಾರಗಳ ಕಾಲ ಸೂರ್ಯಾಸ್ತಕ್ಕೆ ಮುನ್ನಿನ ಊಟದ ಹೊತ್ತು ಇದೇ ಚರ್ಚೆಯಲ್ಲಿ ಕಳೆಯಿತು. ಅದು ಶೇಂಗಾ ಎಣ್ಣೆಯ ಗಿರಣಿ ನಡೆಸಿಕೊಂಡು ಬಂದ ಮನೆ. ಬೆಂಗಳೂರಿನಲ್ಲಿ ಓದುವಾಗ ಕುದುರೆ ಸವಾರಿ ಕಲಿತು ಬಂದ ಮೊಮ್ಮಗನಿಗೆ ಗಿರಣಿಯಲ್ಲಿ ಮನಸ್ಸು ನಿಲ್ಲಲಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಬಳಿ ತಾಯಿಯ ಕಡೆಯಿಂದ ಬಂದ ಹೊಲವಿತ್ತು. ಅಲ್ಲಿ ನಾಲ್ಕು ಕುದುರೆಗಳನ್ನಿಟ್ಟು ಸವಾರಿ ಶಾಲೆ ತೆರೆಯುವುದೆಂದೂ, ತಾಯಿ ಮಗ ಇಬ್ಬರೂ ಪಾಲುದಾರರಾಗುವುದೆಂದೂ ನಿಶ್ಚಯವಾಯಿತು. ಉಳಿದದ್ದು ಹೆಸರು.

ಮೊಮ್ಮಗ ಮೊದಲು ತಂದ ಹೆಸರಿನಲ್ಲಿ 'ರಾಯಲ್' ಎಂಬ ಪದವಿತ್ತು. ಅದನ್ನು ತಳ್ಳಿಹಾಕಲು ಧರ್ಮಶಾಸ್ತ್ರವೇ ಬೇಕಾಗಲಿಲ್ಲ. 1932ರ ಭಾರತೀಯ ಪಾಲುದಾರಿಕೆ ಅಧಿನಿಯಮದ 58ನೆಯ ಪ್ರಕರಣದ ಮೇರೆಗೆ ರಾಜ, ರಾಣಿ, ಚಕ್ರವರ್ತಿ, ರಾಜವೈಭವಗಳನ್ನು ಸೂಚಿಸುವ ಕಿಂಗ್, ಕ್ವೀನ್, ರಾಯಲ್ ಮೊದಲಾದ ಇಂಗ್ಲಿಷ್ ಪದಗಳನ್ನು ರಾಜ್ಯ ಸರ್ಕಾರದ ಒಪ್ಪಿಗೆಯಿಲ್ಲದೆ ಸಂಸ್ಥೆಯ ಹೆಸರಿನಲ್ಲಿ ಸೇರಿಸುವಂತಿಲ್ಲ. ಎರಡನೆಯದು 'ಇಕ್ವೆಸ್ಟ್ರಿಯನ್'. 2024ರ ತಿದ್ದುಪಡಿಯಂತೆ ನಾಮಫಲಕದ ಶೇಕಡಾ 60 ಭಾಗ ಕನ್ನಡದಲ್ಲಿರಬೇಕು. ಕನ್ನಡದಲ್ಲಿ ಬರೆದು ನೋಡಿದಾಗ ಒತ್ತಿನ ಮೇಲೆ ಒತ್ತು ಬಂದ ಆ ಪದವನ್ನು ತಾಯಿ ಎರಡು ಬಾರಿ ತಡವರಿಸಿ ಓದಿ, "ಸವಾರಿ ಅಂದರೆ ಸಾಲದೇನಪ್ಪ?" ಎಂದರು.

ಮೂರನೆಯ ಹೆಸರು ಬಂದಾಗ ಮಾತು ಗಂಭೀರವಾಯಿತು. ಮೂರನೆಯ ತೀರ್ಥಂಕರರಾದ ಸಂಭವನಾಥರ ಲಾಂಛನ ಕುದುರೆ. 'ಸಂಭವ' ಎಂದಿಟ್ಟರೆ ಭಕ್ತಿಯೂ ಆಯಿತು, ಅರ್ಥವೂ ಹೊಂದಿತು ಎಂದು ಮೊಮ್ಮಗ ಹರ್ಷದಿಂದ ಹೇಳಿದ. ಮನೆಯವರೆಲ್ಲ ಒಪ್ಪಿದರು, ಅಜ್ಜ ಒಬ್ಬರ ಹೊರತು.

ಅವರ ಆಕ್ಷೇಪಣೆ ಮಡಿವಂತಿಕೆಯದಲ್ಲ. ಲಾಂಛನವು ಪೀಠದ ಮೇಲೆ ನಿಂತು ಜಿನಬಿಂಬವನ್ನು ಗುರುತಿಸಿಕೊಡುತ್ತದೆ. ಅದು ಯಾರನ್ನೂ ಹೊತ್ತು ತಿರುಗುವುದಿಲ್ಲ. ಇಲ್ಲಿಯ ಕುದುರೆ ಗಂಟೆಗಿಷ್ಟು ಎಂಬ ದರಕ್ಕೆ ದುಡಿಯಬೇಕು, ಬಾಯಿಗೆ ಕಡಿವಾಣ, ಬೆನ್ನಿಗೆ ಜೀನು. ಶ್ರಾವಕಾಚಾರ ಗ್ರಂಥಗಳು ತೊರೆಯಬೇಕಾದ ಹದಿನೈದು ವೃತ್ತಿಗಳನ್ನು ಕರ್ಮಾದಾನಗಳೆಂದು ಎಣಿಸುತ್ತವೆ. ಪಶುಗಳನ್ನೂ ಬಂಡಿಗಳನ್ನೂ ಬಾಡಿಗೆಗೆ ಬಿಟ್ಟು ಬದುಕುವ ಭಾಟಕ ಕರ್ಮ ಅವುಗಳಲ್ಲೊಂದು. "ತೊರೆ ಎಂದದ್ದನ್ನು ಮಾಡುವುದಲ್ಲದೆ, ತೊರೆದವರ ಹೆಸರನ್ನೇ ಅದಕ್ಕೆ ಕಟ್ಟಬೇಕೆ?" ಎಂಬುದು ಅವರ ಪ್ರಶ್ನೆ.

ಮೊಮ್ಮಗ ಸುಮ್ಮನಿರಲಿಲ್ಲ. ಅದೇ ಪಟ್ಟಿಯಲ್ಲಿ ಯಂತ್ರಪೀಡನವೂ ಇದೆ, ಎಣ್ಣೆ ಹಿಂಡುವ ಕೆಲಸವೇ ಅದು, ನಮ್ಮ ಗಿರಣಿಯ ಕಥೆಯೇನು ಅಜ್ಜ ಎಂದು ಕೇಳಿದ. ಎಣ್ಣೆಯಿಂದಲೇ ಹೆಸರಾದ ಊರಿನಲ್ಲಿ ಇದು ಕೇಳಬಾರದ ಪ್ರಶ್ನೆ. ಹುಡುಗನ ತರ್ಕ ನ್ಯಾಯವಾದುದೇ. ಅಜ್ಜ ಸಿಟ್ಟಾಗದೆ, ಗಿರಣಿಗೆ ತಮ್ಮ ತಂದೆಯವರು ಊರಿನ ಹೆಸರನ್ನು ಮಾತ್ರ ಏಕೆ ಇಟ್ಟರೆಂಬುದನ್ನು ಯೋಚಿಸು ಎಂದರು. ಅವರಿಗೂ ಈ ಸಂಕೋಚವಿತ್ತಂತೆ.

ತತ್ತ್ವಾರ್ಥಸೂತ್ರದ ಮೊದಲನೆಯ ಅಧ್ಯಾಯ ಹೇಳುವ ನಾಲ್ಕು ನಿಕ್ಷೇಪಗಳನ್ನು ಪಾಠಶಾಲೆಯ ಮಕ್ಕಳು ಕಂಠಪಾಠ ಮಾಡುತ್ತಾರೆ: ನಾಮ, ಸ್ಥಾಪನಾ, ದ್ರವ್ಯ, ಭಾವ. ಗುಣವನ್ನು ನೋಡದೆ ವ್ಯವಹಾರಕ್ಕಾಗಿ ಇಡುವುದು ನಾಮನಿಕ್ಷೇಪ. ವಸ್ತುವು ಆ ಗುಣದಲ್ಲಿ ಈಗ ಇದ್ದಾಗ ಅನ್ವಯಿಸುವುದು ಭಾವನಿಕ್ಷೇಪ. ಶಾಂತಪ್ಪನ ಸಿಡುಕಿಗೆ ಮೊದಲನೆಯದರಲ್ಲಿ ಕ್ಷಮೆಯಿದೆ. ಆದರೆ ಹಣ ಕೊಡುವ ಗಿರಾಕಿ ಹಲಗೆಯನ್ನು ಭಾವವೆಂದೇ ಓದುತ್ತಾನೆ. ಸೊಸೆ ಆಗಲೇ ಬರೆದಿಟ್ಟಿದ್ದ 'ಅಹಿಂಸಾ ಸವಾರಿ ಶಾಲೆ' ಇದೇ ಕಾರಣಕ್ಕೆ ಬಿದ್ದುಹೋಯಿತು.

ಆಗ ಹೆಸರನ್ನು ಬದಿಗಿಟ್ಟು, ಶಾಲೆ ನಡೆಯುವ ಬಗೆಯನ್ನು ಕುರಿತು ಮಾತಾಡಿದರು. ಅಹಿಂಸಾಣುವ್ರತದ ಅತಿಚಾರಗಳು ಐದು: ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ, ಮಿತಿಮೀರಿ ಭಾರ ಹೇರುವುದು, ಅನ್ನಪಾನ ತಡೆಯುವುದು. ಸಾಕು ಪ್ರಾಣಿಯ ವಿಷಯವಾಗಿಯೇ ಬರೆದಂತಿವೆ. ಸರ್ಕಾರವೂ ಬಹಳ ತಡವಾಗಿ ಅದೇ ದಾರಿಗೆ ಬಂದು, 1965ರ ನಿಯಮಗಳಲ್ಲಿ ಹೇರು ಹೊರುವ ತಟ್ಟುವಿಗೆ 70 ಕಿಲೋ ಮಿತಿ ಹಾಕಿತು. ಚಾವಟಿ ಇರಕೂಡದು, ಬೇಸಗೆಯ ಮಧ್ಯಾಹ್ನ ಸವಾರಿ ಕೂಡದು ಎಂಬುದಕ್ಕೆ ಮೊಮ್ಮಗ ಕೂಡಲೇ ಒಪ್ಪಿದ. ಮುದಿಯಾದ ಕುದುರೆಯ ಗತಿಯೇನು ಎಂದು ಅಜ್ಜಿ ಕೇಳಿದಾಗ ಮಾತ್ರ ಅವನಲ್ಲಿ ಉತ್ತರವಿರಲಿಲ್ಲ. ಕುದುರೆ ಇಪ್ಪತ್ತೈದು ಮೂವತ್ತು ವರ್ಷ ಬದುಕುವ ಜೀವ; ಕೊನೆಯ ಹಲವು ವರ್ಷ ಅದು ತಿನ್ನುತ್ತದೆಯೇ ಹೊರತು ಗಳಿಸುವುದಿಲ್ಲ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಮೇವು ಅಗ್ಗವಲ್ಲ. ಲೆಕ್ಕ ಹಾಕಿದಾಗ ನಾಲ್ಕು ಕುದುರೆಗಳ ಆಸೆ ಎರಡಕ್ಕೆ ಇಳಿಯಿತು. ದುಡಿಮೆ ನಿಂತ ಕುದುರೆಯನ್ನು ಮಾರದೆ ಕೊನೆಯವರೆಗೂ ಸಾಕತಕ್ಕದ್ದು ಎಂಬ ವಾಕ್ಯ ಪಾಲುದಾರಿಕೆಯ ಕರಾರುಪತ್ರದಲ್ಲಿ ಸೇರಿತು. ಹೆಸರಿನ ಜಾಗ ಇನ್ನೂ ಖಾಲಿಯಿತ್ತು.

ಅದನ್ನು ತುಂಬಿದ್ದು ಊರು. ಹೊಲದ ಸಮೀಪದ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ, ಬಿ. ಎಲ್. ರೈಸ್ ಅವರು 1892ರಲ್ಲಿ ಅವನ್ನು ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆ ಆಜ್ಞೆಯಲ್ಲಿ ಹಿರಿಯರ ಸೇವೆ, ಪ್ರಾಣಿಗಳಲ್ಲಿ ದಯೆ, ಸತ್ಯವಚನ ಮೂರೂ ಒಟ್ಟಿಗೆ ಬರುತ್ತವೆ. ಇಸಿಲ ಆ ಸ್ಥಳದ ಪ್ರಾಚೀನ ನಾಮ. 'ಇಸಿಲ ಕುದುರೆ ಸವಾರಿ ಶಾಲೆ' ಎಂದು ತಾಯಿ ಸೂಚಿಸಿದರು. ಮೊಳಕಾಲ್ಮೂರಿನ ರೇಷ್ಮೆ ಸೀರೆ ತನ್ನ ಊರಿನ ಹೆಸರಿನಿಂದಲೇ ಮಾನ್ಯವಾದುದನ್ನು ಕಂಡು ಬೆಳೆದವರು ಅವರು. ಚಳ್ಳಕೆರೆಯಲ್ಲಿ ಲಾಯ ಕಟ್ಟಿದ್ದರೆ ಆ ಹೆಸರನ್ನು ಒಪ್ಪುತ್ತಿರಲಿಲ್ಲವೆಂದು ಅಜ್ಜ ಸ್ಪಷ್ಟಪಡಿಸಿದರು. ಹೊಲವಿರುವುದು ಸಿದ್ದಾಪುರದ ಬಳಿಯಾದ್ದರಿಂದ ತಕರಾರು ಉಳಿಯಲಿಲ್ಲ. ಆದರೂ ಕುದುರೆಯನ್ನು ಬಾಡಿಗೆಗೆ ಬಿಡುವ ಕೆಲಸಕ್ಕೆ ಅವರ ಮನಸ್ಸು ಪೂರ್ತಿ ಒಪ್ಪಿತೆಂದು ಹೇಳಲಾಗದು. ಕರಾರುಪತ್ರಕ್ಕೆ ಸಾಕ್ಷಿಯಾಗಿ ಸಹಿ ಹಾಕಿದರು, ಬಂಡವಾಳ ಕೊಡಲಿಲ್ಲ.

ಕುದುರೆಗಳೆರಡೂ ರೇಸಿನಿಂದ ನಿವೃತ್ತವಾಗಿ ಬಂದವು. ಅವಕ್ಕೂ ಒಳ್ಳೆಯ ಕನ್ನಡ ಹೆಸರಿಡಬೇಕೆಂದು ಮನೆಯ ಮಕ್ಕಳು ಪಟ್ಟಿ ಮಾಡಿದ್ದರು. ಹಳೆಯ ಇಂಗ್ಲಿಷ್ ಹೆಸರು ಕರೆದರೆ ಮಾತ್ರ ಅವು ಕಿವಿ ನಿಮಿರಿಸಿ ತಿರುಗಿ ನೋಡುತ್ತಿದ್ದುದರಿಂದ ಆ ಪಟ್ಟಿಯನ್ನು ಯಾರೂ ಮುಂದುವರಿಸಲಿಲ್ಲ.