ಏಲಂಗೆ ಬಂದ ವರಹ

ಏಲಂ ಎಂಬ ಮಾತು ನಮ್ಮ ಕಾಸರಗೋಡಿನವರಿಗೆ ಹೊಸತಲ್ಲ. ಘಟ್ಟದ ಮೇಲಿನವರು ಹರಾಜು ಎನ್ನುತ್ತಾರೆ, ಉತ್ತರದ ಕಡೆಯವರು ಲಿಲಾವು ಎನ್ನುತ್ತಾರೆ, ನಮ್ಮ ಮಲಯಾಳಿ ನೆರೆಯವರು ಲೇಲಂ ಎನ್ನುತ್ತಾರೆ. ಹರಾಜನ್ನು ಬಿಟ್ಟರೆ ಮಾತು ಪೋರ್ಚುಗೀಸರದ್ದು, ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ಅದನ್ನು ತಮ್ಮದಾಗಿ ಮಾಡಿಕೊಂಡರು. ದೇವಸ್ಥಾನದ ಉತ್ಸವ ಮುಗಿದ ಮೇಲೆ ಹರಕೆಗೆ ಬಂದ ಬಾಳೆಗೊನೆ, ಹಲಸಿನ ಹಣ್ಣು, ಸೌತೆಕಾಯಿಗಳನ್ನು ಎತ್ತಿ ಹಿಡಿದು ‘ಒರು ತರಂ, ರಂಡು ತರಂ’ ಎಂದು ಕೂಗುವುದನ್ನು ಕೇಳದೆ ಬೆಳೆದ ಮಗು ಈ ಸೀಮೆಯಲ್ಲಿ ಇರಲಾರದು. ಮೂವತ್ತು ರೂಪಾಯಿಯ ಸೌತೆಕಾಯಿ ಅಲ್ಲಿ ಮುನ್ನೂರಕ್ಕೆ ಹೋಗುತ್ತದೆ. ಕೊಂಡವನಿಗೆ ನಷ್ಟವಾಯಿತೆಂದು ಯಾರೂ ಹೇಳುವುದಿಲ್ಲ.

ನಾನು ಹತ್ತಿರದಿಂದ ನೋಡಿದ ಇನ್ನೊಂದು ಏಲಂ ಇದೆ. ಅದು ಬ್ಯಾಂಕಿನದು. ಅಡವಿಟ್ಟ ಚಿನ್ನವನ್ನು ಬಿಡಿಸಿಕೊಳ್ಳದಿದ್ದರೆ ನೋಟೀಸು ಹೋಗುತ್ತದೆ, ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ, ಕೊನೆಗೆ ಒಂದು ದಿನ ಕೊಳ್ಳುವವರು ಬಂದು ಕೂರುತ್ತಾರೆ. ಅಲ್ಲಿ ಕೂಗಾಟವಿಲ್ಲ. ಬಳೆಯೋ ಕರಿಮಣಿಯೋ ಮಗುವಿನ ಉಡಿದಾರವೋ, ಎಲ್ಲಕ್ಕೂ ತೂಕ ಮತ್ತು ಮಾರ್ಕು, ಎರಡೇ ಪ್ರಶ್ನೆ. ಇಪ್ಪತ್ತು ವರ್ಷ ಕೌಂಟರಿನಲ್ಲಿ ಕುಳಿತ ನನಗೆ ಇದು ಅಭ್ಯಾಸವಾಗಿಬಿಟ್ಟಿದೆ. ಆದರೂ ಆ ದಿನ ಮಧ್ಯಾಹ್ನದ ಬುತ್ತಿ ಅಷ್ಟಾಗಿ ರುಚಿಸುವುದಿಲ್ಲ.

ಮೂರನೆಯ ಬಗೆಯ ಏಲವನ್ನು ನಾನು ಕಂಡದ್ದು 2024ರಲ್ಲಿ, ಬೆಂಗಳೂರಿನಲ್ಲಿ. ಅದು ಹಳೆಯ ನಾಣ್ಯಗಳ ಏಲಂ.

ನಾಣ್ಯದ ಹುಚ್ಚು ನನಗೆ ಹಿಡಿದದ್ದು ನಿಧಾನವಾಗಿ. 2011ರ ಜೂನ್ 30ರಿಂದ 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳು ಚಲಾವಣೆಯಿಂದ ಹೋದವು. ಅದಕ್ಕೆ ಮೊದಲು ಜನ ಹಾರ್ಲಿಕ್ಸ್ ಬಾಟಲಿ, ದೇವರ ಕೋಣೆಯ ಕಾಣಿಕೆ ಡಬ್ಬಿಗಳನ್ನೇ ಹೊತ್ತು ಬ್ಯಾಂಕಿಗೆ ಬಂದರು. ಆರು ಮೂಲೆಯ ಮೂರು ಪೈಸೆ, ಹೂವಿನ ಅಂಚಿನ ಹತ್ತು ಪೈಸೆ, ತಾವರೆಯ ಚಿತ್ರದ ಇಪ್ಪತ್ತು ಪೈಸೆ, ನನ್ನ ಬಾಲ್ಯವೇ ರಾಶಿ ಬಿದ್ದಂತೆ ಕಂಡಿತು. ನಮ್ಮ ಮನೆಯ ಡಬ್ಬಿಯನ್ನು ನಾನು ಬದಲಾಯಿಸಲು ತರಲಿಲ್ಲ. ತೆರೆದು ವಿಂಗಡಿಸುತ್ತಾ ಕುಳಿತೆ. ಅದರ ತಳದಲ್ಲಿ ಐದನೆಯ ಜಾರ್ಜ್ ದೊರೆಯ ಕಾಲದ ಒಂದಾಣೆ ಇತ್ತು. ಅಂಚು ಅಲೆಅಲೆಯಾಗಿರುವ ಆ ನಾಣ್ಯದ ಮೇಲೆ ಇಂಗ್ಲಿಷಿನ ಜೊತೆ ನಾಗರಿ, ಬಂಗಾಳಿ, ಉರ್ದು, ತೆಲುಗು ಲಿಪಿಗಳಲ್ಲಿ ಬೆಲೆ ಬರೆದಿದೆ. ಕನ್ನಡವಿಲ್ಲ, ಮಲಯಾಳವೂ ಇಲ್ಲ. ನನ್ನ ಅಪ್ಪ ಮಾತ್ರ ಆ ತೆಲುಗು ಅಕ್ಷರಗಳನ್ನು ತೋರಿಸಿ, “ನೋಡು, ಬ್ರಿಟಿಷರ ಕಾಲದಲ್ಲಿ ಕನ್ನಡ ನಾಣ್ಯದ ಮೇಲೆಯೇ ಇತ್ತು” ಎಂದು ಕೊನೆಯವರೆಗೂ ಹೇಳುತ್ತಿದ್ದರು. ನಾನು ತಿದ್ದಲು ಹೋಗಲಿಲ್ಲ. ಇಂದಿನ ನೋಟಿನ ಹಿಂಬದಿಯ ಹದಿನೈದು ಸಾಲುಗಳಲ್ಲಿ ಕನ್ನಡ ನಾಲ್ಕನೆಯದು, ಮಲಯಾಳ ಏಳನೆಯದು. ಅಪ್ಪನ ಆಸೆ ಅಲ್ಲಿಗೆ ಪೂರೈಸಿತು.

ನಮ್ಮ ಕಡೆಯ ಹಿರಿಯರಿಗೆ ನಾಣ್ಯದ ಲೆಕ್ಕ ಇನ್ನೊಂದು ಕಾರಣದಿಂದ ನೆನಪಿರುತ್ತಿತ್ತು. 1956ರ ನವೆಂಬರ್ 1ಕ್ಕೆ ನಾವು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಿಂದ ಕೇರಳಕ್ಕೆ ಸೇರಿದೆವು. 1957ರ ಏಪ್ರಿಲ್ 1ಕ್ಕೆ ಆಣೆ ಹೋಗಿ ನಯಾ ಪೈಸೆ ಬಂತು. ಐದೇ ತಿಂಗಳೊಳಗೆ ರಾಜ್ಯವೂ ಬದಲು, ಚಿಲ್ಲರೆಯೂ ಬದಲು. ಆಣೆಗೆ ಆರೂಕಾಲು ನಯಾ ಪೈಸೆಯ ಆ ಲೆಕ್ಕದಲ್ಲಿ ಕಾಲು ಪೈಸೆ ಯಾರ ಪಾಲಿಗೆ ಎಂದು ಅಂಗಡಿಯಲ್ಲಿ ಜಗಳವಾಗುತ್ತಿತ್ತಂತೆ. ರಾಜ್ಯದ ಲೆಕ್ಕದಲ್ಲಿ ಉಳಿದ ಕಾಲು ಪೈಸೆಯ ಜಗಳ ಇನ್ನೂ ಮುಗಿದಿಲ್ಲ ಎಂದು ಅಪ್ಪ ನಗುತ್ತಿದ್ದರು.

ನಾನು ಬೆಂಗಳೂರಿಗೆ ಹೊರಟದ್ದಕ್ಕೆ ಕಾರಣ ಆಣೆಯಲ್ಲ, ಅಜ್ಜಿಯ ಕಾಸಿನ ಸರ. ನಾನು ಅದನ್ನು ಕಂಡವನಲ್ಲ. ತೋಟಕ್ಕೆ ಕೊಳೆರೋಗ ಬಂದು ಅಡಿಕೆಯೆಲ್ಲ ಉದುರಿದ ಒಂದು ಮಳೆಗಾಲದಲ್ಲಿ, ಅಪ್ಪ ಹೈಸ್ಕೂಲಿನಲ್ಲಿದ್ದಾಗ, ಅದು ಪೇಟೆಯ ಅಕ್ಕಸಾಲಿಗನ ಮೂಸೆಗೆ ಹೋಯಿತು. ಅಪ್ಪನ ಓದು ನಿಲ್ಲಲಿಲ್ಲ. ಶಿವಪಾರ್ವತಿಯರಿದ್ದ ಹನ್ನೊಂದು ಚಿನ್ನದ ಕಾಸುಗಳಿದ್ದವು ಎಂಬ ಮಾತು ಮಾತ್ರ ಮನೆಯಲ್ಲಿ ಉಳಿಯಿತು. ಬಿ.ಎ.ಯಲ್ಲಿ ಚರಿತ್ರೆ ಓದಿದ್ದ ನನಗೆ ಅದು ಇಕ್ಕೇರಿಯ ವರಹವೆಂದು ಊಹಿಸುವುದು ಕಷ್ಟವಾಗಲಿಲ್ಲ. ಬೇಕಲದ ಕೋಟೆ ಕಟ್ಟಿಸಿದ ಕೆಳದಿ ಅರಸರ ನಾಣ್ಯ ಬೇಕಲಕ್ಕೆ ಹತ್ತಿರದ ಮನೆಯಲ್ಲಿ ಇದ್ದುದರಲ್ಲಿ ಆಶ್ಚರ್ಯವೇನು? ಅಂಥದ್ದೊಂದು ವರಹವನ್ನು ಮನೆಗೆ ತರಬೇಕೆಂಬ ಆಸೆ ಹುಟ್ಟಿತು. 2024ರ ಮಾರ್ಚಿನಲ್ಲಿ ಸಹಿಯಾದ ನಮ್ಮ ಹನ್ನೆರಡನೆಯ ದ್ವಿಪಕ್ಷೀಯ ವೇತನ ಒಪ್ಪಂದದ ಬಾಕಿ ಹಣ ಕೈಗೆ ಬಂದಾಗ ಅದಕ್ಕೆ ಕಾಲು ಬಂತು. ಹೆಂಡತಿಯೊಡನೆ ಮಾತನಾಡಿ ಗೆರೆ ಎಳೆದೆವು: ಎಲ್ಲ ಸೇರಿ ನಲವತ್ತು ಸಾವಿರ, ಅದರ ಮೇಲೆ ಒಂದು ರೂಪಾಯಿಯಿಲ್ಲ.

ಜೊತೆಗೆ ಬಂದವನು ಪಕ್ಕದ ಕೌಂಟರಿನ ಮಲಯಾಳಿ ಗೆಳೆಯ. ಅವನಿಗೆ ನಾಣ್ಯದಲ್ಲಿ ಆಸಕ್ತಿಯಿಲ್ಲ. ನನ್ನ ಮೇಲೆ ಕಣ್ಣಿಡಲು ಬಂದೆ ಎಂದು ಅವನೇ ಹೇಳಿದ. ರಾತ್ರಿಯ ರೈಲು ಹಿಡಿದು ಬೆಳಿಗ್ಗೆ ಇಳಿದೆವು.

ನಾಣ್ಯದ ಏಲಂಗೆ ಮೊದಲು ಪಟ್ಟಿಯ ಪುಸ್ತಕ ಬರುತ್ತದೆ. ಪ್ರತಿ ನಾಣ್ಯಕ್ಕೂ ಒಂದು ಅಂಕೆ, ಎರಡು ಬದಿಯ ಚಿತ್ರ, ಲೋಹ, ಗ್ರಾಮಿನಲ್ಲಿ ತೂಕ, ಎಷ್ಟು ಸವೆದಿದೆ ಎಂಬ ದರ್ಜೆ, ಬರಬಹುದಾದ ಬೆಲೆ. ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯಿದೆಯಂತೆ ದೇಶದ ಹೊರಗೆ ಹೋಗುವಂತಿಲ್ಲ, ಅದನ್ನೂ ನಮೂದಿಸಿರುತ್ತಾರೆ. ಕೂಗಿದ ಬೆಲೆಯ ಮೇಲೆ ಏಲಂ ನಡೆಸುವವರ ಕಮಿಷನ್ನು, ಮತ್ತೆ ತೆರಿಗೆ. ಹೊಸಬರು ಇದನ್ನು ಮೊದಲೇ ಕಳೆದು ಲೆಕ್ಕ ಹಾಕಬೇಕು. ನಾನು ಕಳೆದು ನೋಡಿದಾಗ ನನ್ನ ನಲವತ್ತು ಸಾವಿರ ಮೂವತ್ತಮೂರಕ್ಕೆ ಇಳಿಯಿತು.

ಏಲಂಗೆ ಮೊದಲು ನಾಣ್ಯಗಳನ್ನು ಕೈಯಲ್ಲಿ ಹಿಡಿದು ನೋಡಲು ಬಿಡುತ್ತಾರೆ. ಕೆಳಗೆ ಮೆತ್ತನೆಯ ಬಟ್ಟೆ, ಮೇಲೆ ದೀಪ. ಅಂಚಿನಲ್ಲಷ್ಟೇ ಹಿಡಿಯಬೇಕು, ಮುಖಕ್ಕೆ ಬೆರಳು ತಾಗಿಸಬಾರದು. ಪಕ್ಕದಲ್ಲಿದ್ದ ಒಬ್ಬ ಹಿರಿಯ ಸಂಗ್ರಾಹಕರು ನನ್ನ ಹೊಸತನವನ್ನು ಕಂಡು ತಾವಾಗಿಯೇ ಹೇಳಿಕೊಟ್ಟರು. ಎರಕ ಹೊಯ್ದ ನಕಲಿಗೆ ಅಂಚಿನಲ್ಲಿ ಸಣ್ಣ ಗೆರೆ ಉಳಿದಿರಬಹುದು, ತೂಕ ತಪ್ಪಬಹುದು, ಅಕ್ಷರಗಳು ಸಾಬೂನಿನಲ್ಲಿ ಕೊರೆದಂತೆ ಮೊಂಡಾಗಿರುತ್ತವೆ. ಕಂಪೆನಿಯ ಹೆಸರಿನ, ಆಂಜನೇಯನ ಚಿತ್ರದ, 1818 ಎಂದು ಬರೆದ ಅರ್ಧ ಆಣೆಗಳನ್ನು ನಮ್ಮ ಬ್ಯಾಂಕಿಗೂ ಜನ ತರುತ್ತಾರೆಂದೆ. ಅವರು ನಕ್ಕು, ಕಂಪೆನಿ ಅಂಥ ನಾಣ್ಯವನ್ನು ಟಂಕಿಸಿಯೇ ಇಲ್ಲವೆಂದರು.

ಪಟ್ಟಿಯಲ್ಲಿ ಶಿವಪಾರ್ವತಿಯರ ವರಹ ಒಂದಲ್ಲ, ಎರಡಿದ್ದವು. ತೂಕ ಎರಡಕ್ಕೂ 3.4 ಗ್ರಾಮ್. ಮುಂಬದಿ ಒಂದೇ. ತಿರುಗಿಸಿದರೆ ಒಂದರಲ್ಲಿ ನಾಗರಿಯಲ್ಲಿ ‘ಶ್ರೀ ಸದಾಶಿವ’, ಅದು ಇಕ್ಕೇರಿಯದು. ಇನ್ನೊಂದರಲ್ಲಿ ಚುಕ್ಕಿಗಳ ನಡುವೆ ಒಂದೇ ಒಂದು ಪಾರಸಿ ಅಕ್ಷರ. ಅದು 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯ ವರಹ. ಅಕ್ಷರ ಅವನ ಹೆಸರಿನ ಮೊದಲನೆಯದು. ಜನ ಕಣ್ಣು ಮುಚ್ಚಿ ನಂಬುತ್ತಿದ್ದ ನಾಣ್ಯದ ಮುಖವನ್ನು ಅವನು ಮುಟ್ಟಲಿಲ್ಲ, ಬೆನ್ನಿನ ಮೇಲೆ ತನ್ನ ಗುರುತು ಹಾಕಿದ. ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ವರಹಕ್ಕೂ ಅದೇ ಶಿವಪಾರ್ವತಿಯರನ್ನು ಇಟ್ಟುಕೊಂಡು ಹಿಂದೆ ತಮ್ಮ ಹೆಸರು ಬರೆಸಿದರು. ಹಣವೆಂದರೆ ನಂಬಿಕೆ ಎಂಬುದನ್ನು ಬ್ಯಾಂಕಿನ ತರಬೇತಿಯಲ್ಲಿ ನನಗೆ ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ.

ಅಜ್ಜಿಯದ್ದು ಯಾವುದು? ಅದನ್ನು ಬಲ್ಲವರು ಒಬ್ಬರೇ ಉಳಿದಿದ್ದರು. ಹೊರಗೆ ಬಂದು ಅತ್ತೆಗೆ ಫೋನು ಮಾಡಿದೆ. ಎಂಬತ್ತು ದಾಟಿದರೂ ಅವರ ನೆನಪು ನಮ್ಮ ಲೆಡ್ಜರಿಗಿಂತ ಗಟ್ಟಿ.

“ಅತ್ತೆ, ಅಜ್ಜಿಯ ಸರದ ಕಾಸಿನ ಹಿಂದುಗಡೆ ಏನಿತ್ತು, ನಿಮಗೆ ನೆನಪುಂಟಾ?”

“ಅಕ್ಷರ ಇತ್ತಪ್ಪ.”

“ಸಾಲುಸಾಲಾಗಿಯಾ?”

“ಇಲ್ಲ ಮಾರಾಯ, ಒಂದೇ ಅಕ್ಷರ. ಕುಡುಗೋಲಿನ ಹಾಗೆ ಬಾಗಿದ್ದು. ಸುತ್ತ ಚುಕ್ಕಿ ಚುಕ್ಕಿ. ನಾನು ಸಣ್ಣದಿರುವಾಗ ಆ ಚುಕ್ಕಿ ಲೆಕ್ಕ ಮಾಡುತ್ತಾ ಅಮ್ಮನ ತೊಡೆಯ ಮೇಲೆ ನಿದ್ದೆ ಹೋಗುತ್ತಿದ್ದೆ.”

ಅಂದರೆ ನಮ್ಮ ಅಜ್ಜಿ, ಮಡಿಯುಟ್ಟು ದೇವರ ಮುಂದೆ ಕುಳಿತಾಗಲೂ ಕೊರಳಿನಿಂದ ತೆಗೆಯದಿದ್ದ ಸರದಲ್ಲಿ ಹೈದರನ ಅಕ್ಷರವನ್ನು ಧರಿಸಿದ್ದರು. ನಾನು ಅದನ್ನು ಅತ್ತೆಗೆ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಇದ್ದರೆ ಇರಲಿ. ಎದುರು ಶಿವ ಇದ್ದನಲ್ಲ. ಅಮ್ಮ ಕಣ್ಣಿಗೊತ್ತಿಕೊಂಡೇ ಹಾಕುತ್ತಿದ್ದದ್ದು” ಎಂದರು. ನೂರು ಭಾಷಣ ಕೇಳಿದರೂ ಬಾರದ ಸಮಾಧಾನ ನನಗೆ ಆ ಮಾತಿನಿಂದ ಬಂತು.

ಏಲಂ ಶುರುವಾಯಿತು. ನಮಗೆ ಅಂಕೆ ಬರೆದ ಒಂದು ರಟ್ಟು ಕೊಟ್ಟಿದ್ದರು, ಬೇಕಾದಾಗ ಎತ್ತುವುದು. ನಮ್ಮೂರಿನ ಗೌಜಿಯಿಲ್ಲ. ಕೋಣೆಯಲ್ಲಿ ಇದ್ದವರಿಗಿಂತ ಹೆಚ್ಚು ಜನ ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಇದ್ದರು. ಕೆಲವರು ಬೆಲೆಯನ್ನು ಮೊದಲೇ ಬರೆದುಕೊಟ್ಟಿದ್ದರು. ಕಾಣದವರೊಡನೆ ಪೈಪೋಟಿ. ಒಂದೊಂದು ನಾಣ್ಯಕ್ಕೆ ಅರ್ಧ ನಿಮಿಷವೂ ಇಲ್ಲ. ಗೆಳೆಯನಿಗೆ ತಿರುವಾಂಕೂರಿನ ಚಕ್ರಂ ಬಂದಾಗ ಮಾತ್ರ ಕಿವಿ ನೆಟ್ಟಗಾಯಿತು. ಅಕ್ಕಿಕಾಳಿಗಿಂತ ಅಷ್ಟೇನೂ ದೊಡ್ಡದಲ್ಲದ ಬೆಳ್ಳಿಯ ಆ ನಾಣ್ಯವನ್ನು ಎಣಿಸಲು ಗುಳಿಗಳಿರುವ ಹಲಗೆಯನ್ನೇ ಮಾಡಿಕೊಂಡಿದ್ದರಲ್ಲ, ಅಂಥದ್ದೊಂದು ಅವನ ತಾಯಿಮನೆಯಲ್ಲಿ ಇತ್ತಂತೆ.

ಹೈದರನ ವರಹ ಇಪ್ಪತ್ತೆಂಟು ಸಾವಿರಕ್ಕೆ ತೆರೆಯಿತು. ನಾನು ರಟ್ಟು ಎತ್ತಿದೆ. ಇಪ್ಪತ್ತೊಂಬತ್ತು, ಮೂವತ್ತು, ಮತ್ತೆ ನಾನು. ಮೂವತ್ತೆರಡಕ್ಕೆ ಇನ್ನೊಬ್ಬರು. ಮೂವತ್ತಮೂರಕ್ಕೆ ನಾನು. ಒಂದು ಕ್ಷಣ ಕೋಣೆ ಸುಮ್ಮನಾಯಿತು. ಆ ಒಂದು ಕ್ಷಣ ಹನ್ನೊಂದರಲ್ಲಿ ಒಂದು ಮನೆಗೆ ಬಂದೇಬಿಟ್ಟಿತ್ತು. ಫೋನು ಹಿಡಿದ ಹುಡುಗಿ ಕೈಯೆತ್ತಿದಳು: ಮೂವತ್ತನಾಲ್ಕು. ನನ್ನ ಕೈ ರಟ್ಟಿನ ಮೇಲೆಯೇ ಇತ್ತು. ಗೆಳೆಯ ಮೆಲ್ಲಗೆ, “ಮದಿ, ಮಾಷೇ” ಎಂದ. ಸಾಕು. ಸುತ್ತಿಗೆ ಬಿದ್ದದ್ದು ಮೂವತ್ತೊಂಬತ್ತು ಸಾವಿರಕ್ಕೆ. ಇಕ್ಕೇರಿಯದು ಬಂದಾಗ ನಾನು ರಟ್ಟು ಎತ್ತಲಿಲ್ಲ. ಅದು ನಮ್ಮ ಮನೆಯದಾಗಿರಲಿಲ್ಲ.

ಕೊನೆಯಲ್ಲಿ, ಜನ ಊಟಕ್ಕೆ ಏಳುವ ಹೊತ್ತಿಗೆ, ಮೈಸೂರಿನ ತಾಮ್ರದ ಐದು ಕಾಸುಗಳ ಒಂದು ಗುಂಪು ಬಂತು. ಮುಮ್ಮಡಿಯವರ ಕಾಲದ್ದು: ಒಂದು ಬದಿ ಆನೆ, ಶ್ರೀ, ಚಾಮುಂಡಿ; ಇನ್ನೊಂದು ಬದಿ ‘ಮಯಿಲಿ ಕಾಸು’ ಎಂದು ಕನ್ನಡದಲ್ಲಿ, ಇಪ್ಪತ್ತು ಕಾಸು ಎಂದು ಇಂಗ್ಲಿಷಿನಲ್ಲಿ, ಜೊತೆಗೆ ಪಾರಸಿ. ಒಂದು ತಾಮ್ರದ ಬಿಲ್ಲೆಯ ಮೇಲೆ ಮೂರು ಲಿಪಿ, ಒಂದನ್ನೊಂದು ನೂಕದೆ. ಎರಡು ಸಾವಿರದ ನಾನೂರಕ್ಕೆ ನನಗೆ ಬಂತು. ಶಾಲೆಯಲ್ಲಿ ಕನ್ನಡವಿಲ್ಲದ, ಮನೆಯಲ್ಲಷ್ಟೇ ಅಕ್ಷರ ಕಲಿತ ನನ್ನ ಮಗಳು ಅದನ್ನು ಭೂತಗನ್ನಡಿ ಹಿಡಿದು ಅರ್ಧ ಗಂಟೆ ಓದಿದಳು. ಅಪ್ಪ ಇದ್ದಿದ್ದರೆ ಈ ಸಲ ನಿಜವಾಗಿಯೂ ಕನ್ನಡವನ್ನೇ ತೋರಿಸಬಹುದಿತ್ತು.

ಎರಡು ಏಲಗಳ ಒಂದು ವ್ಯತ್ಯಾಸ ಆಗಾಗ ಮನಸ್ಸಿಗೆ ಬರುತ್ತದೆ. ಬ್ಯಾಂಕಿನ ಪ್ರಕಟಣೆಯಲ್ಲಿ ಚಿನ್ನ ಕಳೆದುಕೊಂಡವರ ಹೆಸರಿರುತ್ತದೆ, ಒಡವೆಯ ವಿವರವಿರುವುದಿಲ್ಲ. ನಾಣ್ಯದ ಪಟ್ಟಿಯಲ್ಲಿ ಎಲ್ಲ ವಿವರವಿದೆ, ಅರಸನ ಹೆಸರೂ ಇದೆ. ಯಾವ ಮನೆಯ ಪೆಟ್ಟಿಗೆಯಿಂದ, ಯಾರ ಕೊರಳಿನಿಂದ ಬಂತೆಂದು ಮಾತ್ರ ಇಲ್ಲ. ಎರಡನ್ನೂ ಒಟ್ಟಿಗೆ ಬರೆದಿಡಬೇಕಾದವರು ನಾವೇ.

ಅದಕ್ಕಾಗಿ ಓದುಗರಲ್ಲಿ ಒಂದು ವಿನಂತಿ. ಮನೆಯಲ್ಲಿ ಕಾಸಿನ ಸರವೋ ಒಂದು ಬಿಡಿ ನಾಣ್ಯವೋ ಇದ್ದರೆ ಹುಣಸೆಹುಳಿ ಹಾಕಿ ತಿಕ್ಕಬೇಡಿ. ಹೊಳಪು ಬಂದಷ್ಟೂ ಬೆಲೆ ಇಳಿಯುತ್ತದೆ. ಹಳೆಯ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎಂದು ಯಾರಾದರೂ ಫೋನು ಮಾಡಿದರೆ ನಂಬಬೇಡಿ. ಇಂಥ ವ್ಯವಹಾರ ತನ್ನದಲ್ಲವೆಂದು ರಿಸರ್ವ್ ಬ್ಯಾಂಕು 2021ರಲ್ಲೇ ಎಚ್ಚರಿಸಿದೆ. ಮಾರಲೇಬೇಕಾದ, ಅಡವಿಡಲೇಬೇಕಾದ ದಿನ ಯಾರಿಗೂ ತಪ್ಪಿದ್ದಲ್ಲ. ಕೊಡುವ ಮೊದಲು ಎರಡೂ ಬದಿಯ ಚಿತ್ರ ತೆಗೆದಿಡಿ, ಯಾರು ಧರಿಸಿದ್ದರೆಂದು ಅದರ ಕೆಳಗೆ ಬರೆಯಿರಿ. ಕೌಂಟರಿಗೆ ಕಾಸುಮಾಲೆ ತರುವವರಿಗೆ ನಾನೀಗ ಇದನ್ನು ಎರಡೂ ಭಾಷೆಯಲ್ಲಿ ಹೇಳುತ್ತೇನೆ. ಹಿಂದೆ ಸಾಲು ನಿಂತವರಿಗೆ ಸ್ವಲ್ಪ ತಡವಾಗುತ್ತದೆ. ಈವರೆಗೆ ಯಾರೂ ಬೇಸರ ಮಾಡಿಕೊಂಡಿಲ್ಲ.