ದಿನಕ್ಕೆ ಇಪ್ಪತ್ತೈದು ಗಂಟೆ

ಸೌತಾಂಪ್ಟನ್ನಿನಿಂದ ನ್ಯೂಯಾರ್ಕಿಗೆ ಹೊರಟ ಹಡಗಿನಲ್ಲಿ ದಿನಕ್ಕೆ ಇಪ್ಪತ್ತೈದು ಗಂಟೆ. ಏಳು ರಾತ್ರಿಗಳ ಪಯಣದಲ್ಲಿ ಐದು ರಾತ್ರಿ ಗಡಿಯಾರದ ಮುಳ್ಳನ್ನು ಒಂದೊಂದು ಗಂಟೆ ಹಿಂದಕ್ಕೆ ತಿರುಗಿಸಿ ಮಲಗುವುದು ಅಲ್ಲಿನ ಕ್ರಮ. ಎರಡು ಊರುಗಳ ನಡುವಿನ ಐದು ಗಂಟೆಗಳ ವ್ಯತ್ಯಾಸವನ್ನು ವಿಮಾನ ಒಂದೇ ಏಟಿಗೆ ನಮ್ಮ ತಲೆಯ ಮೇಲೆ ಹಾಕುತ್ತದೆ, ಹಡಗು ಅದನ್ನೇ ಕಂತು ಕಂತಾಗಿ ಕೊಡುತ್ತದೆ. ಬೆಳಿಗ್ಗೆ ಕಣ್ಣು ಬಿಟ್ಟು ನೋಡಿದರೆ ಇನ್ನೂ ಒಂದು ಗಂಟೆ ನಿದ್ದೆ ಬಾಕಿ! ಭೂಮಿ ದುಂಡಗಿದೆ ಎಂದು ಶಾಲೆಯಲ್ಲಿ ಓದಿದ್ದೆವು, ಪರೀಕ್ಷೆಯಲ್ಲಿ ಬರೆದೂ ಇದ್ದೆವು. ಅದು ಎಷ್ಟು ದೊಡ್ಡ ದುಂಡು ಎಂಬುದು ಮೈಗೆ ತಿಳಿಯುವುದು ಹೀಗೆ ದಿನಕ್ಕೊಂದು ಗಂಟೆಯ ಲೆಕ್ಕದಲ್ಲಿ ದಾಟಿದಾಗಲೇ.

ಆದ್ದರಿಂದ ಮೊದಲನೇ ಮಾತು ದಿಕ್ಕಿನದು. ಒಂದೇ ಕಡೆಯ ಪಯಣಕ್ಕೆ ದುಡ್ಡಿದೆ ಎನ್ನುವುದಾದರೆ ಪಶ್ಚಿಮಕ್ಕೆ ಹೋಗುವಾಗ ಹಡಗು ಹಿಡಿಯಿರಿ, ವಾಪಸು ಬರಲು ವಿಮಾನ ಇದ್ದೇ ಇದೆ. ಪೂರ್ವಕ್ಕೆ ಬರುವ ಹಡಗಿನಲ್ಲಿ ಗಡಿಯಾರ ಮುಂದಕ್ಕೆ ಓಡುತ್ತದೆ, ಅದೂ ನಡುಮಧ್ಯಾಹ್ನ. ಹನ್ನೆರಡು ಹೊಡೆಯಿತು ಎನ್ನುವಷ್ಟರಲ್ಲಿ ಒಂದು ಗಂಟೆ. ಬೆಳಗಿನ ತಿಂಡಿ ಕರಗುವ ಮೊದಲೇ ಊಟಕ್ಕೆ ಕರೆ.

ಈ ದಾರಿಯಲ್ಲಿ ವರ್ಷದ ಬಹುಪಾಲು ಹೋಗಿ ಬರುತ್ತಿರುವ ಹಳೆಯ ಬಗೆಯ ಸಾಗರನೌಕೆ ಈಗ ಒಂದೇ, ಕುನಾರ್ಡ್ ಕಂಪನಿಯ ಕ್ವೀನ್ ಮೇರಿ 2. ಸ್ಯಾಮ್ಯುಯೆಲ್ ಕುನಾರ್ಡನ ಬ್ರಿಟಾನಿಯಾ ಎಂಬ ಉಗಿಹಡಗು 1840ರ ಜುಲೈಯಲ್ಲಿ ಲಿವರ್‌ಪೂಲಿನಿಂದ ಅಂಚೆಚೀಲ ಹೊತ್ತು ಹ್ಯಾಲಿಫ್ಯಾಕ್ಸಿಗೂ ಬಾಸ್ಟನ್ನಿಗೂ ಹೊರಟಾಗ ಪ್ರಯಾಣಿಕರ ಹಾಲಿಗೆಂದು ಒಂದು ಹಸುವನ್ನೂ ಹತ್ತಿಸಿಕೊಂಡಿತ್ತಂತೆ. ಆಮೇಲಿನ ನೂರು ವರ್ಷ ಬರೀ ವೇಗದ ಪೈಪೋಟಿ. 1952ರಲ್ಲಿ ಯುನೈಟೆಡ್ ಸ್ಟೇಟ್ಸ್ ಎಂಬ ಹಡಗು ಮೂರು ದಿನ, ಹತ್ತು ಗಂಟೆ, ನಲವತ್ತು ನಿಮಿಷಗಳಲ್ಲಿ ಅಟ್ಲಾಂಟಿಕ್ ದಾಟಿಬಿಟ್ಟಿತು. 1958ರಲ್ಲಿ ಜೆಟ್ ವಿಮಾನಗಳು ಅದೇ ಸಾಗರದ ಮೇಲೆ ಹಾರಾಟ ಶುರು ಮಾಡಿದ್ದೇ ತಡ, ಆ ಪೈಪೋಟಿಗೆ ಅರ್ಥವೇ ಉಳಿಯಲಿಲ್ಲ. 2004ರಲ್ಲಿ ದುಡಿಯತೊಡಗಿದ ಕ್ವೀನ್ ಮೇರಿ 2 ಮೂವತ್ತು ನಾಟ್ ವೇಗದಲ್ಲಿ ಓಡಬಲ್ಲದು. ಆದರೆ ಓಡುವುದಿಲ್ಲ. ಇಂಧನದ ಬೆಲೆಯೂ ಇದಕ್ಕೊಂದು ಕಾರಣ ಅನ್ನಿ. ಹಡಗು ಹತ್ತಿದವರಿಗಂತೂ ಬೇಗ ತಲುಪುವ ಆಸೆ ಇರುವುದಿಲ್ಲ.

ಸೌತಾಂಪ್ಟನ್ನಿನ ಬಂದರುಕಟ್ಟೆಯಲ್ಲಿ ನಿಂತು ಅದನ್ನು ಕಣ್ಣು ತುಂಬ ನೋಡಬೇಕೆಂದರೆ ಸಾಧ್ಯವಾಗದು, ಒಂದು ನೋಟಕ್ಕೆ ಹಿಡಿಸುವುದಿಲ್ಲ. 345 ಮೀಟರ್ ಉದ್ದ. ತಳದಿಂದ ಹೊಗೆಗೂಡಿನ ತುದಿಗೆ 72 ಮೀಟರ್. ಇದಕ್ಕಿಂತ ದೊಡ್ಡ ವಿಹಾರನೌಕೆಗಳು ಕೆರಿಬಿಯನ್ ಕಡೆ ಬೇಕಾದಷ್ಟಿವೆ. ಆದರೆ ಅವು ನೀರಿನ ಮೇಲೆ ಕೂರಿಸಿದ ಹೋಟೆಲುಗಳು. ಇದನ್ನು ರೂಪಿಸಿದ ಸ್ಟೀಫನ್ ಪೇನ್ ಚಳಿಗಾಲದ ಉತ್ತರ ಅಟ್ಲಾಂಟಿಕ್ಕನ್ನು ಮನಸ್ಸಿನಲ್ಲಿಟ್ಟುಕೊಂಡೇ ಗೆರೆ ಎಳೆದವರು. ಮೂತಿ ಉದ್ದ, ಚೂಪು. ಜೀವರಕ್ಷಕ ದೋಣಿಗಳು ಅಲೆಯ ಕೈಗೆ ಸಿಗದಷ್ಟು ಎತ್ತರದಲ್ಲಿ ತೂಗುತ್ತವೆ. ಮುಂದಿನ ಡೆಕ್ಕಿನಲ್ಲಿ, ಮೂತಿಯನ್ನು ಏರಿ ಬಂದ ನೀರನ್ನು ಸೀಳಿ ಎರಡೂ ಬದಿಗೆ ಚೆಲ್ಲಲು ಉಕ್ಕಿನ ಅಡ್ಡಗೋಡೆ. ಅಲ್ಲೇ ಪ್ರೊಪೆಲ್ಲರಿನ ಎಂಟು ಬದಲಿ ರೆಕ್ಕೆಗಳನ್ನು ಬೋಲ್ಟ್ ಹಾಕಿ ನಿಲ್ಲಿಸಿದ್ದಾರೆ, ಒಂದೊಂದೂ ಆಳೆತ್ತರವನ್ನು ಮೀರಿದ್ದು. ತಿಳಿಯದವರು ಅವನ್ನು ಆಧುನಿಕ ಶಿಲ್ಪವೆಂದುಕೊಂಡು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನೋಡಿದರೆ ಶಿಲ್ಪವೇ ಸರಿ.

ಹೊರಡುವ ಹೊತ್ತಿಗೆ ಡೆಕ್ಕಿನ ಮೇಲಿರಿ, ಸಾಮಾನು ಬಿಚ್ಚುತ್ತ ಕ್ಯಾಬಿನ್ನಿನಲ್ಲಿ ಕೂರಬೇಡಿ. ಹಡಗಿನ ಎರಡು ಕೊಂಬುಗಳಲ್ಲಿ ಒಂದು 1930ರ ದಶಕದ ಹಳೆಯ ಕ್ವೀನ್ ಮೇರಿಯದು. ಆ ಹಡಗು ಈಗ ಕ್ಯಾಲಿಫೋರ್ನಿಯಾದ ಲಾಂಗ್ ಬೀಚಿನಲ್ಲಿ ಹೋಟೆಲಾಗಿ ನಿಂತಿದೆ, ಅದರ ದನಿ ಮಾತ್ರ ಇಲ್ಲಿ ಸಾಗರ ದಾಟುತ್ತಲೇ ಇದೆ. ಅದು ಹದಿನಾರು ಕಿಲೋಮೀಟರ್ ದೂರಕ್ಕೂ ಕೇಳುತ್ತದೆಂಬ ಮಾತಿದೆ. ಕೆಳಗೆ ನಿಂತವರಿಗೆ ಅದು ಕಿವಿಗೆ ಕೇಳುವ ಮೊದಲು ಎದೆಗೂಡಿಗೆ ಬಡಿಯುತ್ತದೆ. ಪುಟ್ಟ ಮಕ್ಕಳಿದ್ದರೆ ಕಿವಿ ಮುಚ್ಚಿ ಹಿಡಿಯಿರಿ.

ಕ್ಯಾಬಿನ್ ಆಯ್ಕೆಯ ವಿಷಯಕ್ಕೆ ಬರೋಣ, ಹೆಚ್ಚಿನವರು ಎಡವುವುದು ಇಲ್ಲಿಯೇ. ಎತ್ತರದ ಡೆಕ್ಕು, ಬಾಲ್ಕನಿ ಎಂದರೆ ನಮಗೆಲ್ಲ ಆಸೆ. ಆದರೆ ಸಮುದ್ರ ಕೆರಳಿದಾಗ ಹಡಗು ಹೆಚ್ಚು ಆಡುವುದು ಎರಡು ತುದಿಗಳಲ್ಲಿ ಮತ್ತು ಮೇಲ್ಗಡೆ. ಹೊಟ್ಟೆ ತೊಳಸುವ ಸ್ವಭಾವದವರಾದರೆ ಕೆಳ ಡೆಕ್ಕಿನಲ್ಲಿ, ಹಡಗಿನ ನಟ್ಟನಡುವೆ ಕ್ಯಾಬಿನ್ ಕೇಳಿ. ಅದು ಅಗ್ಗವೂ ಹೌದು. ನಾಲ್ಕು, ಐದು, ಆರನೇ ಡೆಕ್ಕುಗಳ ಬಾಲ್ಕನಿಗಳು ಹಡಗಿನ ಒಡಲನ್ನೇ ಕೊರೆದು ಮಾಡಿದವು. ಮುಂದೆ ಉಕ್ಕಿನ ಮೋಟುಗೋಡೆ, ಕೂತರೆ ಕಡಲು ಕಾಣದು, ನಿಂತು ನೋಡಬೇಕು. ನನ್ನ ಪ್ರಕಾರ ಅಟ್ಲಾಂಟಿಕ್ಕಿಗೆ ಇದೇ ವಾಸಿ. ಪಶ್ಚಿಮಕ್ಕೆ ಹೋಗುವಾಗ ಗಾಳಿ ಬಹುಮಟ್ಟಿಗೆ ಎದುರಿನಿಂದಲೇ ಬೀಸುತ್ತದೆ. ಹಡಗೇ ಗಂಟೆಗೆ ನಲವತ್ತು ಕಿಲೋಮೀಟರ್ ಆಸುಪಾಸಿನಲ್ಲಿ ನುಗ್ಗುತ್ತಿರುವಾಗ ಆ ಎರಡೂ ಸೇರಿ ಬಡಿಯುವ ಗಾಳಿಗೆ ಗಾಜಿನ ಕಂಬಿಯ ಬಾಲ್ಕನಿಯಲ್ಲಿ ಕಾಫಿ ಕಪ್ಪು ನಿಲ್ಲುವುದು ಕಷ್ಟ. ಎಂಟನೇ ಡೆಕ್ಕಿನ ಕೆಲವು ಬಾಲ್ಕನಿಗಳ ಎದುರಿಗೆ ಜೀವರಕ್ಷಕ ದೋಣಿಗಳೇ ತೂಗುತ್ತಿರುತ್ತವೆ, ಟಿಕೆಟ್ ಮಾಡಿಸುವಾಗ ನಕ್ಷೆ ನೋಡಿಕೊಳ್ಳಿ. ಹೋಗುವ ದಾರಿಯಲ್ಲಿ ಬಿಸಿಲು ಬೇಕೆಂದರೆ ಎಡಬದಿ, ಏಕೆಂದರೆ ದಕ್ಷಿಣ ಅತ್ತ.

ಸಮುದ್ರ ಸುಮ್ಮನಿರುತ್ತದೆಂದು ಯಾರೂ ಭರವಸೆ ಕೊಡಲಾರರು. ಹಡಗಿನ ಒಡಲಿನಿಂದ ಚಾಚುವ ನಾಲ್ಕು ರೆಕ್ಕೆಗಳು ಅಡ್ಡ ಹೊಯ್ದಾಟವನ್ನು ಬಹಳಷ್ಟು ತಡೆಯುತ್ತವೆ. ಮೂತಿ ಎದ್ದು ಬೀಳುವುದನ್ನು ಮಾತ್ರ ಯಾವ ಯಂತ್ರವೂ ನಿಲ್ಲಿಸದು. ಅಂಥ ರಾತ್ರಿ ಕ್ಯಾಬಿನ್ನಿನ ಹಲಗೆಗಳು ಹಳೆಯ ಮನೆಯ ತೂಗುಮಂಚದಂತೆ ಕಿರುಗುಟ್ಟುತ್ತವೆ, ನಿದ್ದೆಯೂ ತೂಗುಮಂಚದ್ದೇ. ಮಾತ್ರೆ ತೆಗೆದುಕೊಳ್ಳುವುದಾದರೆ ಹೊಟ್ಟೆ ತೊಳಸುವ ಮೊದಲೇ ನುಂಗಬೇಕು, ಆಮೇಲೆ ನುಂಗಿದ್ದು ಒಳಗೆ ನಿಲ್ಲುವುದಿಲ್ಲ. ಶುಂಠಿ ಒಳ್ಳೆಯದು. ಹಸಿರು ಸೇಬು ಹಡಗಿನವರ ಹಳೆಯ ಮನೆಮದ್ದು. ಖಾಲಿ ಹೊಟ್ಟೆಯಲ್ಲಿ ಮಲಗಬೇಡಿ, ದಿಗಂತ ಕಾಣುವ ಕಡೆ ಹೋಗಿ ಕೂತುಕೊಳ್ಳಿ.

ಕಾಗದಪತ್ರಗಳ ಮಾತು ಚುಟುಕಾಗಿ: ಭಾರತದ ಪಾಸ್‌ಪೋರ್ಟಿನವರಿಗೆ ಬ್ರಿಟನ್ನಿನ ವೀಸಾವೂ ಬೇಕು, ಅಮೆರಿಕದ ವೀಸಾವೂ ಬೇಕು, ಎರಡನ್ನೂ ಹಡಗು ಹತ್ತುವ ಮೊದಲೇ ನೋಡುತ್ತಾರೆ. ವೈದ್ಯಕೀಯ ವಿಮೆ ಮಾಡಿಸದೆ ಹೋಗಬೇಡಿ. ಹಡಗಿನಲ್ಲಿ ಡಾಕ್ಟರಿದ್ದಾರೆ, ಆದರೆ ನಡುಸಾಗರಕ್ಕೆ ಯಾವ ಹೆಲಿಕಾಪ್ಟರೂ ಬರಲಾರದು. ನಿತ್ಯದ ಮಾತ್ರೆಗಳನ್ನು ಬೇಕಾದ್ದರ ಎರಡರಷ್ಟು ತನ್ನಿ, ಕೈಚೀಲದಲ್ಲೇ ಇಟ್ಟುಕೊಳ್ಳಿ. ದೊಡ್ಡ ಪೆಟ್ಟಿಗೆಗಳನ್ನು ಬಂದರಿನಲ್ಲೇ ಒಪ್ಪಿಸುತ್ತೀರಿ, ಅವು ಕ್ಯಾಬಿನ್ ಬಾಗಿಲಿಗೆ ಬರುವಷ್ಟರಲ್ಲಿ ಸಂಜೆಯಾದೀತು. ವಿಮಾನದವರ ಹಾಗೆ ಕಿಲೋ ಲೆಕ್ಕ ಹಿಡಿದು ತಕರಾರು ಮಾಡುವವರು ಇಲ್ಲಿಲ್ಲ. ಇಸ್ತ್ರಿಪೆಟ್ಟಿಗೆ ತರಬೇಡಿ, ಬೆಂಕಿಯ ಭಯಕ್ಕೆ ಕ್ಯಾಬಿನ್ನಿನಲ್ಲಿ ಬಿಡುವುದಿಲ್ಲ. ಬಟ್ಟೆ ಒಗೆಯುವ ಕೋಣೆಯಲ್ಲಿ ಯಂತ್ರವೂ ಇಸ್ತ್ರಿಯೂ ಪುಕ್ಕಟೆ. ಏಳು ಗಿಡ್ಡ ಕೂಗು, ಒಂದು ಉದ್ದ ಕೂಗು ಕೇಳಿದರೆ ಏನು ಮಾಡಬೇಕೆಂದು ಮೊದಲ ದಿನವೇ ಹೇಳಿಕೊಡುತ್ತಾರೆ. ಅದನ್ನು ಮಾತ್ರ ಗಮನವಿಟ್ಟು ಕೇಳಿ, ಉಳಿದದ್ದನ್ನು ಮರೆತರೂ ನಡೆದೀತು.

ಉಡುಪಿನ ವಿಷಯದಲ್ಲಿ ನಮ್ಮ ಹೆಂಗಸರು ಪುಣ್ಯವಂತರು. ಸಂಜೆ ಆರರ ಮೇಲೆ ಮುಖ್ಯ ಊಟದ ಮನೆಗೆ ಹೋಗುವವರು ಒಪ್ಪವಾಗಿ ಉಟ್ಟುತೊಟ್ಟು ಬರಬೇಕು. ಅದರಲ್ಲೂ ಒಂದೆರಡು ಸಂಜೆ ಗಂಡಸರು ಕಪ್ಪು ಸೂಟು, ಬೋ ಕಟ್ಟಿಕೊಂಡು ಬರುತ್ತಾರೆ. ಅವರು ಕತ್ತಿನ ಗಂಟಿನ ಜೊತೆ ಹೆಣಗಾಡುವ ಹೊತ್ತಿಗೆ ರೇಷ್ಮೆ ಸೀರೆ ಉಟ್ಟು ನಡೆದು ಹೋದರೆ ಸಾಕು, ಮೆಟ್ಟಿಲ ಮೇಲಿನ ಮಂದಿ ತಿರುಗಿ ನೋಡುತ್ತಾರೆ. ಗಂಡಸರಿಗೆ ಬಂದ್‌ಗಲಾ ಧಾರಾಳವಾಗಿ ನಡೆಯುತ್ತದೆ. ಸ್ಕಾಟ್ಲೆಂಡಿನವರು ಲಂಗದಂಥ ಕಿಲ್ಟ್ ತೊಟ್ಟು ಬಂದಿರುತ್ತಾರಲ್ಲ, ಇನ್ನು ನಮಗೇನು ಸಂಕೋಚ?

ಸಸ್ಯಾಹಾರಿಗಳು ಟಿಕೆಟ್ ಮಾಡಿಸುವಾಗಲೇ ತಿಳಿಸಬೇಕು. ಆಮೇಲೆ ಮೊದಲ ರಾತ್ರಿ ಬಡಿಸುವವರ ಬಳಿ ಇನ್ನೊಮ್ಮೆ. ನಮ್ಮ ಮೇಜಿಗೆ ಬಂದ ಹುಡುಗ ಉಡುಪಿ ಕಡೆಯವನು. ಮಂಗಳೂರು, ಗೋವಾ ಕಡೆಯವರು ತಲೆಮಾರುಗಳಿಂದ ಹಡಗುಗಳಲ್ಲಿ ದುಡಿದವರಾದ್ದರಿಂದ ಅದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಕನ್ನಡ ಕಿವಿಗೆ ಬಿದ್ದದ್ದೇ ಬಗ್ಗಿ ಮೆಲ್ಲಗೆ, "ಸರ್, ನಾಳೆದ್ದು ಇವತ್ತೇ ಹೇಳಿ ಆಯ್ತಾ? ಒಳಗೆ ನಮ್ಮವರು ಇದ್ದಾರೆ, ದಾಲ್ ಬೇಕಾದ್ರೂ ಮಾಡಿ ಕೊಡ್ತಾರೆ" ಎಂದ. ಮರುದಿನ ಬೆಳ್ಳಿ ಮುಚ್ಚಳದ ತಟ್ಟೆಯಲ್ಲಿ ಬೇಳೆ ಬಂತು, ಒಗ್ಗರಣೆಯ ಜೀರಿಗೆ ಸಮೇತ. ಪಕ್ಕದ ಇಂಗ್ಲಿಷ್ ದಂಪತಿ ತಮ್ಮ ಮೀನನ್ನು ಬಿಟ್ಟು ಅದನ್ನೇ ನೋಡುತ್ತಿದ್ದರು.

ಹಗಲಿಡೀ ಏನು ಮಾಡುವುದು ಎಂದು ಹೆದರುವವರು ಮೊದಲ ಎರಡು ದಿನ ಕಾರ್ಯಕ್ರಮ ಪಟ್ಟಿ ಹಿಡಿದು ಓಡಾಡುತ್ತಾರೆ: ಉಪನ್ಯಾಸ, ನೃತ್ಯ, ಮೂರೂವರೆಗೆ ಬಿಳಿ ಕೈಗವಸಿನವರು ಬಡಿಸುವ ಟೀ, ತಾರಾಲಯ. ಹೌದು, ಹಡಗಿನೊಳಗೆ ತಾರಾಲಯವಿದೆ. ಎಂಟನೇ ಡೆಕ್ಕಿನ ಮುಂತುದಿಯಲ್ಲಿ ಸಾವಿರಾರು ಪುಸ್ತಕಗಳ ಗ್ರಂಥಾಲಯ, ಕಿಟಕಿಯಾಚೆ ಹಡಗಿನ ಮೂತಿ. ಮೊದಲ ದಿನವೇ ಪುಸ್ತಕ ಹಿಡಿದುಕೊಳ್ಳಿ, ಒಳ್ಳೆಯವು ಬೇಗ ಖಾಲಿ. ಏಳನೇ ಡೆಕ್ಕಿನಲ್ಲಿ ಹಡಗಿನ ಸುತ್ತ ತೇಗದ ಹಲಗೆ ಹಾಸಿದ ದಾರಿ, ಮೂರು ಸುತ್ತಿಗೆ ಹೆಚ್ಚುಕಡಿಮೆ 1.8 ಕಿಲೋಮೀಟರ್. ಎದುರುಗಾಳಿಯ ದಿನ ಒಂದು ಬದಿಯಲ್ಲಿ ನಡೆಯುವುದಲ್ಲ, ಗಾಳಿಯನ್ನು ತಳ್ಳಿಕೊಂಡು ಹೋಗುವುದು. ಮೂಲೆ ತಿರುಗಿದರೆ ಅದೇ ಗಾಳಿ ಬೆನ್ನು ನೂಕುತ್ತದೆ. ಹನ್ನೊಂದನೇ ಡೆಕ್ಕಿನ ಮುಂಭಾಗದಲ್ಲಿ ಕ್ಯಾಬಿನ್ ಓಣಿಯ ಕೊನೆಗೊಂದು ಬಾಗಿಲಿದೆ. ಅದನ್ನು ದಾಟಿದರೆ ಮೂತಿಯ ಮೇಲೆಯೇ ನಿಂತಂತಾಗುವ ಮೊಗಸಾಲೆ. ಗಾಳಿ ಜೋರಾದಾಗ ಮುಚ್ಚಿಬಿಡುತ್ತಾರೆ. ಇನ್ನು ಮೇಲಿನ ಹಿಂಭಾಗದಲ್ಲಿ ನಾಯಿಗಳ ಮನೆ. ಬ್ರಿಟಿಷ್ ನಾಯಿಗಳಿಗೆಂದು ಲಿವರ್‌ಪೂಲಿನ ದೀಪದ ಕಂಬ, ಅಮೆರಿಕದ ನಾಯಿಗಳಿಗೆಂದು ನ್ಯೂಯಾರ್ಕಿನ ಬೆಂಕಿನಂದಿಸುವ ನಲ್ಲಿ, ಎರಡನ್ನೂ ಅಲ್ಲಿ ನೆಟ್ಟಿದ್ದಾರೆ. ಕಾಲೆತ್ತುವಾಗ ಯಾವ ನಾಯಿ ದೇಶ ನೋಡುತ್ತದೋ!

ಮೂರನೆಯ ದಿನದ ಹೊತ್ತಿಗೆ ಪಟ್ಟಿ ಕೈಬಿಡುತ್ತದೆ. ಆಗ ಎದುರಿಗೆ ಉಳಿಯುವುದು ಸುತ್ತಲೂ ಒಂದೇ ಬಳೆಯಾಗಿ ಮುಚ್ಚಿಕೊಂಡ ದಿಗಂತ. ಇನ್ನೊಂದು ಹಡಗು ಕಂಡರೆ ಅದೇ ಸುದ್ದಿ, ಜನ ಎದ್ದು ಬಂದು ನೋಡುತ್ತಾರೆ. ಮಧ್ಯಾಹ್ನ ಹನ್ನೆರಡಕ್ಕೆ ಹಡಗು ನಡೆಸುವ ಕೋಣೆಯಿಂದ ಕ್ಯಾಪ್ಟನ್ ದನಿ: ನಾವೆಲ್ಲಿದ್ದೇವೆ, ಗಾಳಿ ಎಷ್ಟು, ಅಡಿಯಲ್ಲಿ ನೀರೆಷ್ಟು ಆಳ. ನಾಲ್ಕು ಸಾವಿರ ಮೀಟರ್ ಮೀರಿದ ಆಳವನ್ನು ಮಾರುಕಟ್ಟೆ ದರ ಓದಿದಂತೆ ಓದಿ ಮುಗಿಸುತ್ತಾರೆ. ಒಂದು ದಿನ ಟೈಟಾನಿಕ್ ಮುಳುಗಿದ ಕಡಲಿನ ದಿಕ್ಕಿನಲ್ಲಿ ಹಾದುಹೋಗುತ್ತೇವೆ. ಅದರ ಹಿಂದು ಮುಂದಿನಲ್ಲೇ ನ್ಯೂಫೌಂಡ್‌ಲೆಂಡಿನ ಆಚೆಯ ಗ್ರ್ಯಾಂಡ್ ಬ್ಯಾಂಕ್ಸ್ ಎಂಬ ಆಳವಿಲ್ಲದ ನೀರು. ಉತ್ತರದ ಲ್ಯಾಬ್ರಡಾರ್ ತಣ್ಣೀರೂ ದಕ್ಷಿಣದ ಗಲ್ಫ್ ಸ್ಟ್ರೀಮ್ ಬೆಚ್ಚನೀರೂ ಅಲ್ಲಿ ಸೇರುವುದರಿಂದ ಬೇಸಿಗೆಯ ಶುರುವಿನಲ್ಲಿ ಮಂಜು ಕವಿಯುತ್ತದೆ. ಕವಿದರೆ ಡೆಕ್ಕಿನ ಕಂಬಿ ಹಿಡಿದು ನಿಂತವರಿಗೆ ಕೆಳಗಿನ ನೀರೂ ಕಾಣದು. ನಿಯಮದಂತೆ ಎರಡು ನಿಮಿಷಕ್ಕೆ ಒಮ್ಮೆಯಾದರೂ ಕೊಂಬು ಕೂಗಬೇಕು. ಆ ಹಳೆಯ ದನಿ ಮಂಜಿನೊಳಗೆ ಹೋಗಿ ಎಲ್ಲೂ ತಾಗದೆ ಮುಗಿಯುತ್ತದೆ, ಮತ್ತೆ ಎರಡು ನಿಮಿಷ ನಾವೆಲ್ಲ ಕಿವಿಯಾಗಿರುತ್ತೇವೆ. ಹಡಗಿನಲ್ಲಿ ಕಳೆದ ಯಾವ ಸಂಗೀತದ ಸಂಜೆಯೂ ನನಗೆ ಅಷ್ಟು ನೆನಪಿಲ್ಲ. ಮಂಜು ಕವಿಯಿತೆಂದು ಒಳಗೆ ಹೋಗಿ ಕೂರುವವರನ್ನು ಕಂಡರೆ ಇವರು ಇಷ್ಟು ದೂರ ಬಂದದ್ದಾದರೂ ಏಕೆ ಎನಿಸುತ್ತದೆ.

ಇಂಟರ್ನೆಟ್ ಈಗ ಉಪಗ್ರಹದ ಮೂಲಕ ಸಿಗುತ್ತದೆ, ದುಡ್ಡು ಕೊಟ್ಟರೆ. ಮನೆಯವರಿಗೆ ಕ್ಷೇಮ ತಿಳಿಸುವಷ್ಟು ಕೊಳ್ಳಿ, ಅದಕ್ಕಿಂತ ಹೆಚ್ಚು ಬೇಡ.

ಕೊನೆಯ ರಾತ್ರಿ ಪೆಟ್ಟಿಗೆಗಳನ್ನು ಚೀಟಿ ಕಟ್ಟಿ ಕ್ಯಾಬಿನ್ ಬಾಗಿಲಾಚೆ ಇಡಬೇಕು. ಮರುದಿನ ತೊಡುವ ಬಟ್ಟೆ, ಚಪ್ಪಲಿ ಒಳಗುಳಿಸಿಕೊಂಡಿರಾ ನೋಡಿಕೊಳ್ಳಿ. ಬೆಳಗಿನ ಜಾವ ನಾಲ್ಕೂವರೆ ಐದಕ್ಕೆ ಸ್ವೆಟರ್ ಹಾಕಿಕೊಂಡು ಮೇಲೆ ಹೋಗಿ. ಕತ್ತಲಲ್ಲಿ ಮೊದಲು ಕಾಣುವುದು ವೆರಜಾನೊ ಸೇತುವೆಯ ದೀಪಗಳು. ಹಡಗು ಅದರಡಿಗೆ ಬಂದಂತೆಲ್ಲ ಹೊಗೆಗೂಡು ಹೊಡೆದೇ ಹೊಡೆಯುತ್ತದೆ ಎಂದು ಎಲ್ಲರೂ ಕತ್ತೆತ್ತಿ ನಿಲ್ಲುತ್ತಾರೆ. ನೀರಿನ ಏರಿಳಿತ ನೋಡಿ ಹೊತ್ತು ಗೊತ್ತುಮಾಡಿರುತ್ತಾರೆ, ನಡುವೆ ಉಳಿಯುವುದು ಬರೀ ನಾಲ್ಕು ಮೀಟರಿನಷ್ಟು ಜಾಗ. ಈ ಹಡಗಿನ ಎತ್ತರ ನಿಂತಿರುವುದೇ ಆ ಸೇತುವೆಯ ಲೆಕ್ಕದ ಮೇಲೆ. ಸೇತುವೆ ದಾಟಿದ ಮೇಲೆ ಎಡಬದಿಗೆ ಸ್ವಾತಂತ್ರ್ಯ ದೇವಿ, ಎದುರಿಗೆ ಮ್ಯಾನ್‌ಹಟನ್ನಿನ ಗೋಪುರಗಳು. ಹಡಗು ಬಂದು ನಿಲ್ಲುವುದು ಬ್ರೂಕ್ಲಿನ್ನಿನ ರೆಡ್ ಹುಕ್ಕಿನಲ್ಲಿ.

ಇಳಿಯಲು ಗುಂಪು ಗುಂಪಾಗಿ ಕರೆಯುತ್ತಾರೆ. ಸಾಮಾನ್ಯವಾಗಿ ಅದೇ ಸಂಜೆ ಹಡಗು ಬೇರೆ ಪ್ರಯಾಣಿಕರನ್ನು ತುಂಬಿಕೊಂಡು ಇಂಗ್ಲೆಂಡಿಗೆ ಹೊರಡಬೇಕಾದ್ದರಿಂದ ಎಂಟರ ಹೊತ್ತಿಗೇ ಕ್ಯಾಬಿನ್ ಖಾಲಿ ಮಾಡಿಸುವ ಗಡಿಬಿಡಿ ಶುರು. ಪೆಟ್ಟಿಗೆಗಳನ್ನು ತಾವೇ ಎಳೆದುಕೊಂಡು ಹೋಗಬಲ್ಲವರು ಎಲ್ಲರಿಗಿಂತ ಮೊದಲು ಹೊರಬರಬಹುದು. ಉಳಿದವರು ತಮ್ಮ ಸರದಿ ಬರುವವರೆಗೆ ತಿಂಡಿ ತಿನ್ನುತ್ತ ಕೂರುವುದು ಲೇಸು. ಆದರೆ ಮೇಜಿನ ಮೇಲಿನ ಸೇಬನ್ನು ಚೀಲಕ್ಕೆ ಹಾಕಿಕೊಳ್ಳಬೇಡಿ, ಅಮೆರಿಕದ ಸುಂಕದವರು ಹಣ್ಣನ್ನು ಒಳಗೆ ಬಿಡುವುದಿಲ್ಲ. ಊರಿನಿಂದ ತಂದ ಚಟ್ನಿಪುಡಿ ಉಳಿದಿದ್ದರೆ ಕೇಳುವ ಮೊದಲೇ ಹೇಳಿಬಿಡಿ.